ಗುಳುಕ್ ಅಂದ ಸಿಮೆಂಟು ಕಲ್ಲು

ಸಿಮೆಂಟಿಗೂ ಬಾಯಾರಿಕೆಯಾಗುತ್ತದೆ ಎಂದರೆ ಗುತ್ತೆಪ್ಪ ಮೊದಮೊದಲು ನಂಬಿರಲಿಲ್ಲ. ಕೊಕ್ಕನೂರು ಹಳ್ಳಕ್ಕೆ ಸೇತುವೆ ಕಟ್ಟಲು ಶುರು ಮಾಡಿದಾಗ ಅವನಿಗೆ ಸಿಕ್ಕಿದ್ದು ನೀರು ಹಾಕುವ ಕೆಲಸ. ಮೊದಲು ಪಾಯಕ್ಕೆ, ಆಮೇಲೆ ಹೊಸದಾಗಿ ಎದ್ದ ಕಂಬಕ್ಕೆ ಗೋಣಿತಟ್ಟು ಹೊದಿಸಿ, ಬೆಳಗಿನಿಂದ ಬೈಗಿನವರೆಗೂ ಹಳ್ಳದಿಂದ ಕೊಡದಲ್ಲಿ ನೀರು ಹೊತ್ತು ತಂದು ಸುರಿಯಬೇಕು. ಒಣಗಿತೋ, ಕಂಬ ಬಿರುಕು ಬಿಡುತ್ತದೆ. ಪುಣ್ಯಾತ್ಮ ತನ್ನ ಹೊಲದ ಮೆಣಸಿನ ಗಿಡಕ್ಕೂ ಅಷ್ಟು ನಿಯತ್ತಿನಿಂದ ನೀರು ಹಾಯಿಸಿದವನಲ್ಲ, ಆ ಕಂಬಕ್ಕೆ ಸುರಿದ.

ಆದರೆ ಊರಲ್ಲಿ ಇನ್ನೊಂದು ಮಾತು ಓಡಾಡುತ್ತಿತ್ತು. ಸೇತುವೆ ನಿಲ್ಲಬೇಕಾದರೆ ಹಳ್ಳದವ್ವ ಒಂದು ತಲೆ ಕೇಳುತ್ತಾಳಂತೆ. ಯಾರ ತಲೆ? ದಿನಾ ಹಳ್ಳಕ್ಕಿಳಿದು ನೀರೆತ್ತುವವನ ತಲೆಯೇ ಅವಳ ಕೈಗೆ ಹತ್ತಿರ ಎಂದು ಜಗಲಿಯ ಮೇಲಿನ ಪಂಡಿತರು ತೀರ್ಮಾನ ಮಾಡಿಯೂ ಬಿಟ್ಟಿದ್ದರು. ಗುತ್ತೆಪ್ಪನ ಹೆಂಡತಿ ಚೌಡವ್ವ ಇದನ್ನು ಕೇಳಿ, ಕೆಲಸ ಬಿಡಿ ಅಂತ ವಾರಗಟ್ಟಲೆ ಅತ್ತಳು, ಊಟ ಬಿಟ್ಟಳು. ಮಣ್ಣೆತ್ತಿನ ಅಮಾವಾಸ್ಯೆ ಕಳೆದ ಮಾರನೇ ದಿನ ಇದ್ದಕ್ಕಿದ್ದಂತೆ ಅಳು ನಿಲ್ಲಿಸಿ, ಎರಡು ರೊಟ್ಟಿ ಜಾಸ್ತಿ ತಿಂದಳು. ಹೆಂಡತಿಗೆ ಕೊನೆಗೂ ಬುದ್ಧಿ ಬಂತು ಎಂದು ಗುತ್ತೆಪ್ಪ ಸಮಾಧಾನಪಟ್ಟುಕೊಂಡ.

ಅದಾಗಿ ಮುಂದಿನ ಅಮಾವಾಸ್ಯೆ. ಬೆಳಿಗ್ಗೆಯೇ ಮೋಡ ಕವಿದು, ಹೊತ್ತು ಹುಟ್ಟಿತೋ ಇಲ್ಲವೋ ತಿಳಿಯುವಂತಿರಲಿಲ್ಲ. ಓವರ್‌ಸೀಯರ್ ಹಿದಾಯತ್ ಸಾಹೇಬರು ಗುತ್ತೆಪ್ಪನನ್ನು ಶೆಡ್ಡಿಗೆ ಕರೆದು, ನೀರಿನ ತೊಟ್ಟಿಯೊಳಗಿಂದ ಒಂದು ಚೌಕ ಕಲ್ಲನ್ನು ಎತ್ತಿ ಇಟ್ಟರು. ಉದ್ದ, ಅಗಲ, ಎತ್ತರ ಎಲ್ಲ ಅರ್ಧರ್ಧ ಅಡಿ.

“ಇದಕ್ಕೆ ಕ್ಯೂಬು ಅಂತಾರೆ. ಕಂಬಕ್ಕೆ ಹಾಕಿದ ಮಾಲನ್ನೇ ಅವತ್ತು ಕಬ್ಬಿಣದ ಡಬ್ಬಿಗೆ ತುಂಬಿಸಿದ್ವಿ. ಇವತ್ತಿಗೆ ಇಪ್ಪತ್ತೆಂಟು ದಿನ ಆತು. ದಾವಣಗೆರೆ ಕಾಲೇಜಿನ ಲ್ಯಾಬಿನಾಗೆ ಇದನ್ನ ಮಿಷನ್ ಕೆಳಗಿಟ್ಟು ಒತ್ತುತಾರೆ. ಮೂವತ್ತಾರು ಟನ್ನು ತಡಕಂಡ್ರೆ ಕಂಬ ಪಾಸು.”

“ಟನ್ನು ಅಂದ್ರೆ ಎಷ್ಟ್ರೀ ಸಾಹೇಬ್ರೆ?”

“ಒಂದು ಗಾಡಿ ಜೋಳದ ಚೀಲ ಅಂತ ತಿಳ್ಕೋ. ಹಂಗೆ ಮೂವತ್ತಾರು ಗಾಡಿ, ಒಂದರ ಮ್ಯಾಲೊಂದು.”

ಗುತ್ತೆಪ್ಪ ಕಲ್ಲನ್ನು ಕನಿಕರದಿಂದ ನೋಡಿದ.

“ಇದು ಪಾಸಾದ್ರೆ ನೀನೂ ಪಾಸು. ನೀರು ಸರಿಯಾಗಿ ಹಾಕಿದಾನೆ, ಕಾಯಂ ಮಾಡ್ರಿ ಅಂತ ನಾನೇ ಬರೆದು ಕಳಿಸ್ತೀನಿ. ಹರಿಹರದಾಗೆ ಕ್ವಾಟ್ರಸ್ಸೂ ಸಿಗ್ತೈತೆ. ಫೇಲಾತೋ, ಕಂಬಾನೂ ಹೋತು, ನಿನ್ನ ಕಾಯಮ್ಮೂ ಹೋತು. ಇವತ್ತೇ ಮುಟ್ಟಬೇಕು. ದಾರೀಲಿ ಒಣಗಬಾರ್ದು, ಬೀಳಬಾರ್ದು, ಲ್ಯಾಬಿನೋರು ಬಿಟ್ಟು ಯಾರೂ ಬಿಚ್ಚಬಾರ್ದು. ಹೋಗು, ಒಂದು ಚೀಲ ತಗಂಬಾ.”

ಸೈಟಿನ ಗೋಣಿಯೆಲ್ಲ ಕಂಬದ ಮೈಮೇಲಿತ್ತು. ಗುತ್ತೆಪ್ಪ ಮನೆಗೆ ಓಡಿ ಚೌಡವ್ವನನ್ನು ಕೇಳಿದ. ಅವಳು ಅಟ್ಟದಿಂದ ಒಂದು ಚೀಲ ಎಳೆದು ಕೊಟ್ಟಳು. ಗೋಡೆಗೆ ಬಳಿಯಲು ಕೆಮ್ಮಣ್ಣು ತಂದಿದ್ದ ಚೀಲ ಅದು. ಸಾಹೇಬರು ಕ್ಯೂಬನ್ನು ಅದರಲ್ಲಿ ಸುತ್ತಿ, ನೀರು ಸುರಿದು, ಹಗ್ಗ ಬಿಗಿದು, ಗಂಟಿನ ಮೇಲೆ ಅರಗು ಕರಗಿಸಿ ಸೀಲು ಒತ್ತಿದರು. ಅಮಾವಾಸ್ಯೆ ದಿನ ಊರಲ್ಲಿ ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಹಾಗಾಗಿ ಗಾಡಿಯಿಲ್ಲ. ಗುತ್ತೆಪ್ಪ ತಲೆಗೆ ಸಿಂಬಿ ಇಟ್ಟು, ಮೇಲೆ ಗಂಟು ಇಟ್ಟು, ಕೈಯಲ್ಲಿ ನೀರಿನ ಚೊಂಬು ಹಿಡಿದು ಟಾರು ರಸ್ತೆಯ ಕಡೆ ಹೊರಟ.

“ಹುಷಾರು ರೀ. ನಂಗೇನೂ ಈಗ ಭಯ ಇಲ್ಲ ಬಿಡ್ರಿ,” ಎಂದು ಚೌಡವ್ವ ಬಾಗಿಲಲ್ಲಿ ನಿಂತು ನಕ್ಕಳು.

ಊರು ದಾಟಿ ಹೊಲದ ದಾರಿಗೆ ಬಂದಾಗ ಗಾಳಿಯೂ ನಿಂತಿತ್ತು, ಹಕ್ಕಿಯೂ ಕೂಗುತ್ತಿರಲಿಲ್ಲ. ಗುತ್ತೆಪ್ಪ ಒಂದು ತಗ್ಗು ಹಾರಿದ.

ಗುಳುಕ್.

ಅವನು ನಿಂತ. ತನ್ನ ಹೊಟ್ಟೆಯೇ ಇರಬೇಕು, ಬೆಳಿಗ್ಗೆ ಮಜ್ಜಿಗೆ ಜಾಸ್ತಿಯಾಯಿತು ಅಂದುಕೊಂಡ. ನಾಲ್ಕು ಹೆಜ್ಜೆ ಹಾಕಿದ. ಗುಳುಕ್, ಗುಳುಕ್. ಸದ್ದು ಹೊಟ್ಟೆಯದಲ್ಲ, ಕಿವಿಗಿಂತ ಮೇಲಿಂದ ಬರುತ್ತಿತ್ತು. ಚೊಂಬಿನದೇ ಎಂದು ಅದನ್ನು ಕೆಳಗಿಟ್ಟು, ತಲೆಯನ್ನಷ್ಟೇ ಮೆಲ್ಲಗೆ ಅಲುಗಾಡಿಸಿದ. ಗುಳುಕ್. ಕಲ್ಲು, ಮರಳು, ಸಿಮೆಂಟು ಕಲೆಸಿ ಗಟ್ಟಿ ಮಾಡಿದ ದಿಮ್ಮಿಯೊಳಗೆ ಏನೋ ಮಗ್ಗುಲು ಬದಲಿಸಿತ್ತು. ಗುತ್ತೆಪ್ಪನಿಗೆ ಎಸೆದು ಓಡಿಬಿಡಬೇಕು ಅನಿಸಿತು. ಆದರೆ ಕಾಯಂ ಕೆಲಸವನ್ನು ಯಾರಾದರೂ ಹೊಲದ ಬದುವಿನ ಮೇಲೆ ಎಸೆದು ಓಡುತ್ತಾರೆಯೇ? ಹನುಮಪ್ಪನನ್ನು ನೆನೆಯುತ್ತ ದಾಪುಗಾಲು ಹಾಕಿದ.

ಟಾರು ರಸ್ತೆಯ ಬೇವಿನ ಮರದ ಕೆಳಗೆ ಅವನೂರಿನ ಮುದುಕ ಅಜ್ಜಯ್ಯ ಬಸ್ಸಿಗೆ ಕಾಯುತ್ತಿದ್ದ. ದಾವಣಗೆರೆಯಲ್ಲಿರುವ ಮಗಳ ಮನೆಗೆ ಹೊರಟಿದ್ದ. ಗುತ್ತೆಪ್ಪನನ್ನು ಕಂಡವನೇ ಎದ್ದು ನಿಂತ. ಚೀಲದ ಕೆಮ್ಮಣ್ಣು ನೀರಿನಲ್ಲಿ ಕದಡಿ ಗುತ್ತೆಪ್ಪನ ಹಣೆ, ಕೆನ್ನೆ, ಅಂಗಿಯ ಮೇಲೆಲ್ಲ ಕೆಂಪಗೆ ಇಳಿದಿದ್ದು ಪಾಪ ಅವನಿಗೇ ಗೊತ್ತಿರಲಿಲ್ಲ.

“ಏನೋ ಗುತ್ತೆಪ್ಪಾ ಅದು?”

“ಸ್ಯಾಂಪಲ್ ಅಜ್ಜಾ. ಸೇತುವೆ ಕೆಲಸದ್ದು. ದಾವಣಗೆರಿಗೆ ಒಯ್ತಿದೀನಿ, ಅಲ್ಲಿ ಮಿಷನ್ನಿನಾಗೆ ಇಟ್ಟು ಒಡೀತಾರೆ.”

ಅಜ್ಜಯ್ಯ ಕೋಲನ್ನು ಅಡ್ಡ ಹಿಡಿದ. “ಒಡದು?”

“ಎಷ್ಟು ಗಟ್ಟಿ ಇತ್ತು ಅಂತ ಬರಕಂತಾರೆ. ಇಪ್ಪತ್ತೆಂಟು ದಿನ ನೀರಾಗೆ ಮುಳುಗಿಸಿ ಇಟ್ಟಿದ್ರು ನೋಡು.” ಹಾಗೆನ್ನುತ್ತ ಗುತ್ತೆಪ್ಪ ಗಂಟನ್ನು ಕಲ್ಲಿನ ಮೇಲಿಟ್ಟು, ಚೊಂಬಿನ ನೀರನ್ನು ಬೆರಳಿನಿಂದ ಅದರ ಮೇಲೆ ಚಿಮುಕಿಸಿದ.

ಅಜ್ಜಯ್ಯ ದೂರ ಸರಿದು ಕೂತ. ವಾರವಾರ ಶಕುನ ಹೇಳಲು ಊರಿಗೆ ಬರುತ್ತಿದ್ದ ಬುಡಬುಡಿಕೆಯವನು ಒಂದು ತಿಂಗಳಿಂದ ಕಂಡೇ ಇಲ್ಲ ಎಂಬುದು ಅವನಿಗೆ ತಟ್ಟನೆ ನೆನಪಾಯಿತು.

ಹರಿಹರದ ಮೇಲೆ ದಾವಣಗೆರೆಗೆ ಹೋಗುವ ಬಸ್ಸು ಬಂತು. ಗುತ್ತೆಪ್ಪ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಜಾಗ ಮಾಬೂಬೀಯ ಪಕ್ಕದಲ್ಲಿ. ಮಾಬೂಬೀ ಪೇಟೆಗೆ ಮೊಟ್ಟೆ ಮಾರಲು ಹೋಗುವ ಗಟ್ಟಿಗಿತ್ತಿ. ಕಾಲ ಬಳಿ ಹುಲ್ಲು ಹಾಸಿದ ಬುಟ್ಟಿ.

“ಏ ತಮ್ಮಾ, ನನ್ನ ತತ್ತಿ ಮ್ಯಾಲೆ ಏನದು ಕೆಂಪಗೆ ಸೋರ್ತೈತೆ?”

“ನೀರಕ್ಕಾ. ಆಗಾಗ ಹಾಕ್ತಿರ್ಬೇಕು. ಇಲ್ಲಾಂದ್ರೆ ಬಾಯಾರಿಕೆ ಆಗ್ತೈತೆ.”

“ಯಾರಿಗೆ?”

ಗುತ್ತೆಪ್ಪ ಗಂಟನ್ನು ತೋರಿಸಿದ. ಅಷ್ಟರಲ್ಲಿ ಬಸ್ಸು ಒಂದು ಗುಂಡಿಗೆ ಇಳಿದು ಎದ್ದಿತು. ಗುಳುಕ್. ಮಾಬೂಬೀ ಕಣ್ಣು ಕಿರಿದು ಮಾಡಿ ಗಂಟನ್ನು ನೋಡಿದಳು, ಗುತ್ತೆಪ್ಪನ ಕೆಂಪು ಮುಖ ನೋಡಿದಳು, ಮೆಲ್ಲಗೆ ಬಗ್ಗಿ ಕಿವಿಯಿಟ್ಟಳು. ಇನ್ನೊಂದು ಗುಂಡಿ ಬಂತು.

“ಯಾ ಅಲ್ಲಾ! ಒಳಗೆ ಏನೋ ಐತೆ! ನಿಲ್ಲಿಸ್ರಪ್ಪೋ!”

“ತಲೆ ಐತವ್ವಾ ಅದರಾಗೆ, ತಲೆ!” ಎಂದು ಮುಂದಿನ ಸೀಟಿನಿಂದ ಅಜ್ಜಯ್ಯ ಇಷ್ಟು ಹೊತ್ತು ನುಂಗಿಕೊಂಡಿದ್ದನ್ನು ಕಕ್ಕಿದ. “ಹಳ್ಳದವ್ವಗೆ ಕೊಟ್ಟ ತಲೆ! ಬುಡಬುಡಿಕಿಯೋಂದು!”

ಬಸ್ಸಿನ ಹಿಂಭಾಗ ಕ್ಷಣದಲ್ಲಿ ಖಾಲಿಯಾಯಿತು. ಎಲ್ಲರೂ ಡ್ರೈವರನ ಬೆನ್ನಿಗೆ ಅಂಟಿಕೊಂಡರು. ಕಂಡಕ್ಟರ್ ಒಬ್ಬನೇ ಟಿಕೆಟ್ಟಿನ ಚೀಲವನ್ನು ಎದೆಗೆ ಹಿಡಿದು ಎರಡು ಹೆಜ್ಜೆ ಮುಂದೆ ಬಂದ.

“ಏನಪಾ, ಸತ್ತೋರನ್ನ ಬಸ್ಸಿನಾಗೆ ಒಯ್ಯಂಗಿಲ್ಲ, ರೂಲ್ ಐತೆ.”

“ಅಯ್ಯೋ, ಇದಕ್ಕೆ ಜೀವಾನೇ ಇಲ್ರೀ!”

“ನಾನೂ ಅದನ್ನೇ ಹೇಳ್ತಿರೋದು.”

“ಸಿಮೆಂಟು ಕಲ್ಲು ರೀ ಇದು!”

“ಸಿಮೆಂಟು ಕಲ್ಲು ನೀರು ಕುಡೀತೈತಾ? ಒಳಗಿಂದ ಮಾತಾಡ್ತೈತಾ?”

ನಿಜ ಹೇಳಬೇಕೆಂದರೆ ಗುತ್ತೆಪ್ಪನಿಗೂ ಅದೇ ಪ್ರಶ್ನೆಯಿತ್ತು. ಇಳಿಸೋಣ ಎಂದರೆ ಗಂಟು ಮುಟ್ಟುವ ಗಂಡಸು ಬಸ್ಸಿನಲ್ಲಿ ಇರಲಿಲ್ಲ. ಡ್ರೈವರ್ ಹಿಂದೆ ತಿರುಗಿ ನೋಡದೆ ಓಡಿಸಿದ. ಹರಿಹರ ಬಂತು. ಹರಿಹರಕ್ಕೆ ಟಿಕೆಟ್ಟು ತೆಗೆಸಿದವರು ಒಬ್ಬರೂ ಇಳಿಯಲಿಲ್ಲ. ಹೆದರಿಕೆ ಎಷ್ಟಿದ್ದರೂ, ಮುಂದೇನಾಯಿತು ಎಂದು ತಿಳಿಯದೆ ಮನೆಗೆ ಹೋಗುವುದು ನಮ್ಮ ಕಡೆಯವರಿಂದ ಆಗುವ ಕೆಲಸವಲ್ಲ. ಗುತ್ತೆಪ್ಪ ಹಿಂದಿನ ಉದ್ದನೆಯ ಸೀಟಿನಲ್ಲಿ ಒಬ್ಬನೇ, ತೊಡೆಯ ಮೇಲಿನ ತಣ್ಣನೆಯ ಭಾರ ಹಿಡಿದು ಕೂತಿದ್ದ. ಒಂದು ಸಲ ಧೈರ್ಯ ಮಾಡಿ, “ಯಾರಪ್ಪಾ ಒಳಗೆ?” ಎಂದು ಪಿಸುಗುಟ್ಟಿದ. ಬಸ್ಸು ಕುಲುಕಿತು. ಗುಳುಕ್ ಎಂದಿತು. ಮತ್ತೆ ಕೇಳುವ ಧೈರ್ಯ ಮಾಡಲಿಲ್ಲ.

ದಾವಣಗೆರೆಯಲ್ಲಿ ಇಳಿದು ಮಂಡಿಪೇಟೆಯೊಳಗೆ ನಡೆದಾಗ ಬಸ್ಸಿಗೆ ಬಸ್ಸೇ ಅವನ ಹಿಂದೆ ಹೊರಟಿತು. ಹಮಾಲರು ಬೆನ್ನ ಮೇಲಿನ ಮೂಟೆ ಇಳಿಸಿ ನಿಂತರು. ವ್ಯಾಪಾರಿಗಳು ತಕ್ಕಡಿ ಒಳಗಿಟ್ಟು ಅರ್ಧ ಬಾಗಿಲು ಹಾಕಿ, ಇನ್ನರ್ಧದಿಂದ ಇಣುಕಿದರು. ಮಟಮಟ ಮಧ್ಯಾಹ್ನವಾಗಿದ್ದರೂ ಮೋಡದ ಕತ್ತಲಿಗೆ ಅಂಗಡಿಗಳಲ್ಲಿ ದೀಪ ಹಚ್ಚಿದ್ದರು. ಪೊಲೀಸು ಮೈಲಾರಲಿಂಗಪ್ಪ ಅಡ್ಡ ಬಂದು ಲಾಠಿ ಚಾಚಿದ.

“ಬಿಚ್ಚಲೇ ಅದನ್ನ!”

“ಸೀಲ್ ಐತ್ರಿ ಸ್ವಾಮಿ. ಲ್ಯಾಬಿನೋರೇ ಬಿಚ್ಚಬೇಕು. ಇಲ್ಲಾಂದ್ರೆ ನಾನು ಕಾಯಂ ಆಗಂಗಿಲ್ಲ. ಸಿಮೆಂಟು ರೀ, ಬರೀ ಸಿಮೆಂಟು!”

“ಬರೀ ಸಿಮೆಂಟಾದ್ರೆ ಅಳ್ಳಾಡಿಸು ನೋಡೋಣ.”

ಗುತ್ತೆಪ್ಪ ಕಣ್ಣು ಮುಚ್ಚಿ ಅಲುಗಾಡಿಸಿದ. ಮಂಡಿಪೇಟೆ ಅಷ್ಟು ನಿಶ್ಶಬ್ದವಾಗಿದ್ದನ್ನು ಹಿಂದೆ ಯಾರೂ ಕಂಡಿರಲಿಕ್ಕಿಲ್ಲ. ಆ ನಿಶ್ಶಬ್ದದಲ್ಲಿ, ಒಳಗಿರುವವನು ಎಂಜಲು ನುಂಗಿದಂತೆ, ಗುಳುಕ್ ಎಂದಿತು. ಮೈಲಾರಲಿಂಗಪ್ಪ ಟೋಪಿ ತೆಗೆದು ಮತ್ತೆ ಹಾಕಿಕೊಂಡ.

“ನಡಿ, ಲ್ಯಾಬಿಗೇ ನಡಿ. ನೀನು ಮುಂದೆ ಹೋಗು. ನಾನು… ನಾನು ಜನಾನ ನೋಡ್ಕಂತ ಹಿಂದೆ ಬರ್ತೀನಿ.”

ಹಾಗೆ ಮೆರವಣಿಗೆ ಹೊರಟಿತು. ಮುಂದೆ ಕೆಂಪು ಮುಖದ ಗುತ್ತೆಪ್ಪ, ನೂರು ಮಾರು ಹಿಂದೆ ಊರು. ಪಿ.ಜೆ. ಬಡಾವಣೆಯ ಹೆಂಗಸರು ಕಿಟಕಿ ಮುಚ್ಚಿ ಸಂದಿಯಲ್ಲಿ ನೋಡಿದರು. ಲ್ಯಾಬು ಉದ್ದನೆಯ ಮಬ್ಬು ಕೋಣೆ. ಎಳೆದು ತುಂಡು ಮಾಡಿದ ಕಬ್ಬಿಣದ ಸರಳುಗಳು, ಕತ್ತು ಸಣ್ಣಗಾಗಿ ಹರಿದವು, ಒಂದು ಮೂಲೆಯಲ್ಲಿ ಬಿದ್ದಿದ್ದವು. ಗೋಡೆಯುದ್ದಕ್ಕೂ ಹಲಗೆಯ ಮೇಲೆ ಒಡೆದ ಕ್ಯೂಬುಗಳು ಸಾಲಾಗಿ ಕೂತು ಬಾಗಿಲ ಕಡೆ ನೋಡುತ್ತಿದ್ದವು. ನಡುವೆ ಆಳೆತ್ತರದ ಮಿಷನ್ನು. ಅದನ್ನು ನಡೆಸುವ ಸಣ್ಣಬೀರಪ್ಪನವರು ಊಟದ ಡಬ್ಬಿ ಬಿಚ್ಚುತ್ತಿದ್ದವರು ಕಿಟಕಿ ತುಂಬ ಮುಖಗಳನ್ನು ಕಂಡು ಹೌಹಾರಿದರು.

“ಏನಪಾ ಇದು, ಜಾತ್ರೆ?”

“ಕ್ಯೂಬು ರೀ. ಬೇಗ ಬಿಚ್ರಿ, ನನ್ನ ಮಾನ ಉಳಿಸ್ರಿ,” ಎಂದು ಗುತ್ತೆಪ್ಪ ಗಂಟನ್ನು ಅವರ ಕೈಗೆ ಹಾಕಿ ಕುಸಿದು ಕೂತ.

ಸಣ್ಣಬೀರಪ್ಪನವರು ಸೀಲು ಒಡೆದು ಚೀಲ ಜಾರಿಸಿದರು. ಕಿಟಕಿಯಲ್ಲಿದ್ದವರು ಕತ್ತು ಚಾಚಿದರು. ಒಳಗಿದ್ದದ್ದು ಬೂದಿ ಬಣ್ಣದ, ನಾಲ್ಕು ಮೂಲೆ ನೆಟ್ಟಗಿರುವ, ಬರೀ ಕಲ್ಲು. ಜನಕ್ಕೆ ಸಮಾಧಾನವಾಗುವ ಬದಲು ಬೇಜಾರಾಯಿತು. “ತಥ್, ಇಷ್ಟೇನಾ!” ಎಂದು ಮಾಬೂಬೀ ಬುಟ್ಟಿ ಎತ್ತಿಕೊಂಡಳು.

ಗುತ್ತೆಪ್ಪನಿಗೆ ಎಲ್ಲಿಲ್ಲದ ಜೀವ ಬಂತು. ಎದ್ದು ನಿಂತು ಎದೆ ಸೆಟೆಸಿದ. “ಈಗ ಬಾಯಿ ಬಿಡ್ರಿ ನೋಡಾನ! ಅಜ್ಜಾ, ಎಲ್ಲೈತೆ ತಲೆ? ಜಲ್ಲಿ, ಮರಳು, ಸಿಮೆಂಟು, ನಾನು ಹಾಕಿದ ನೀರು, ಇಷ್ಟು ಬಿಟ್ಟು ಇದರಾಗೆ ಇನ್ನೊಂದು ಇದ್ರೆ ನನ್ನ ತಲೇನೇ ತಗಳ್ರಿ!”

“ಸ್ವಲ್ಪ ಹಗುರ ಐತಲ್ಲೋ,” ಎಂದರು ಸಣ್ಣಬೀರಪ್ಪನವರು, ಕೈಯಲ್ಲಿ ತೂಗುತ್ತ.

“ಹೊತ್ತು ತಂದೋನು ನಾನ್ರೀ. ನನ್ನ ಮುಂದೆ ಹಗುರ ಅನ್ನಬ್ಯಾಡ್ರಿ.”

ಮಿಷನ್ನು ಗುಂಯ್ ಎಂದಿತು. ಮೇಲಿನ ಉಕ್ಕಿನ ತಟ್ಟೆ ಇಳಿದು ಕಲ್ಲಿನ ನೆತ್ತಿಗೆ ಕೂತಿತು. ಗಡಿಯಾರದಂತಿದ್ದ ದೊಡ್ಡ ಬಿಲ್ಲೆಯ ಮೇಲೆ ಮುಳ್ಳು ಮೆಲ್ಲಗೆ ಏರತೊಡಗಿತು. ಐದು ಗಾಡಿ. ಎಂಟು ಗಾಡಿ. ಗುತ್ತೆಪ್ಪ ಮನಸ್ಸಿನಲ್ಲೇ ಹರಿಹರದ ಕ್ವಾಟ್ರಸ್ಸಿನ ಬಾಗಿಲಿಗೆ ತೋರಣ ಕಟ್ಟುತ್ತಿದ್ದ. ಹತ್ತು ಗಾಡಿ. ಆಗ ಒಳಗಿಂದ ಒಂದು ಸದ್ದು ಬಂತು. ಯಾರೋ ಹಲ್ಲು ಕಡಿದಂತೆ. ಮುಳ್ಳು ನಡುಗಿತು.

ಫಟ್!

ಮುಳ್ಳು ಸೊನ್ನೆಗೆ ಬಿತ್ತು. ಕಲ್ಲು ನಡುವೆ ಬಾಯಿಬಿಟ್ಟಿತು. ಆ ಬಾಯಿಂದ ನೀರು ಹರಿಯಿತು, ತಟ್ಟೆಯ ಮೇಲಿಂದ ತೊಟ್ಟಿಕ್ಕಿ ನೆಲಕ್ಕೆ ಇಳಿಯಿತು. ಸಣ್ಣಬೀರಪ್ಪನವರು ಮಿಷನ್ನು ನಿಲ್ಲಿಸಿ, ಬಿರುಕಿಗೆ ಸಲಾಕೆ ಹಾಕಿ ಮೀಟಿದರು. ಎರಡು ಹೋಳು ಅತ್ತಿತ್ತ ಬಿದ್ದವು. ನಡುವೆ ಗುಂಡಗೆ, ಕಂದಗೆ, ಮೂರು ಕಣ್ಣು ಬಿಟ್ಟು ಒಂದು ತೆಂಗಿನಕಾಯಿ ಕೂತಿತ್ತು. ಒಡೆದ ಬದಿಯಲ್ಲಿ ಬೆಳ್ಳಗೆ ಕೊಬ್ಬರಿ ಕಾಣುತ್ತಿತ್ತು.

ಅಜ್ಜಯ್ಯ ನೆಲಕ್ಕೆ ಅಡ್ಡಬಿದ್ದ. “ತಲೆ ಐತೆ ಅಂದ್ನೋ ಇಲ್ವೋ! ತಾಯಿ ತಗಂಡಾಳೆ!” ಮೈಲಾರಲಿಂಗಪ್ಪ ಟೋಪಿ ಬಗಲಲ್ಲಿಟ್ಟು ಕೈಮುಗಿದ. ಜನ ನುಗ್ಗಿ ಕೊಬ್ಬರಿ ಚೂರುಗಳನ್ನು ಪ್ರಸಾದವೆಂದು ಕಣ್ಣಿಗೊತ್ತಿಕೊಂಡರು. ಗುತ್ತೆಪ್ಪನ ಪಾಲಿಗೆ ಒಂದು ಚೂರೂ ಉಳಿಯಲಿಲ್ಲ.

“ಜಲ್ಲಿ, ಮರಳು, ಸಿಮೆಂಟು, ಒಂದು ಕಾಯಿ,” ಎಂದು ಸಣ್ಣಬೀರಪ್ಪನವರು ತಲೆ ಕೆರೆದುಕೊಂಡರು. “ಈ ಮಿಕ್ಸು ನಾನು ಎಲ್ಲೂ ಓದಿಲ್ಲಪ್ಪ. ಹನ್ನೊಂದು ಟನ್ನಿಗೇ ಹೋತು. ಫೇಲು.”

ಚೀಟಿ ಜೇಬಿಗೆ ಹಾಕಿಕೊಂಡು ಗುತ್ತೆಪ್ಪ ಬಸ್‌ಸ್ಟ್ಯಾಂಡಿಗೆ ಬಂದಾಗ ಎದುರಿಗೇ ಬುಡಬುಡಿಕೆಯವನು ಡಕ್ಕೆ ಬಾರಿಸುತ್ತ ಬಂದ. ತಲೆ ಅವನ ಹೆಗಲ ಮೇಲೇ ಇತ್ತು. “ಶುಭ ನುಡೀತೈತೆ ಯಜಮಾನಾ, ಕೂತಲ್ಲಿ ಕಾಯಂ ಆಗೋ ಯೋಗ ಐತೆ!” ಎಂದ. ಗುತ್ತೆಪ್ಪನಿಗೆ ಅವನ ಕತ್ತು ಹಿಸುಕಿ ಹಳ್ಳದವ್ವನ ಬಾಕಿ ತೀರಿಸಿಬಿಡಬೇಕು ಅನಿಸಿತು.

ಬೈಗಿನ ಹೊತ್ತಿಗೆ ಅವನು ಹಳ್ಳಕ್ಕೆ ಬಂದಾಗ ಸಾಹೇಬರು ಕಂಬದ ಬುಡದಲ್ಲಿ ಕಾಯುತ್ತಿದ್ದರು. ಸುದ್ದಿ ಕೇಳಿ ಅವರು ಮೇಸ್ತ್ರಿ ಮೌಲಾ ಸಾಬನ ಕಡೆ ತಿರುಗಿದರು. ಡಬ್ಬಿ ತುಂಬಿಸಿದವನು ಅವನೇ. ನರೆತ ಗಡ್ಡದ ಮುದುಕ ಕೈಮುಗಿದ.

“ಅಲ್ಲಾ ಸಾಕ್ಷಿ ಸಾಹೇಬ್ರೆ, ನಂದು ತಪ್ಪಿಲ್ಲ. ಗುತ್ತೆಪ್ಪನ ಹೆಂಡ್ತಿ ಕಾಯಿ ಹಿಡ್ಕಂಡು ಬಂದು ಕಾಲು ಹಿಡಿದ್ಲು. ‘ಚಾಚಾ, ಇದನ್ನ ಕಂಬದಾಗೆ ಇಡು, ಹಳ್ಳದವ್ವ ಇದೇ ತಲೆ ಅಂತ ತಗಂಡು ನನ್ನ ಗಂಡನ್ನ ಬಿಟ್ಟುಬಿಡ್ಲಿ’ ಅಂತ ಅತ್ಲು. ಹೆಣ್ಮಗು ಅಳ್ತಿದ್ರೆ ಹೆಂಗೆ ಇಲ್ಲ ಅನ್ಲಿ?”

“ಅದಕ್ಕೆ?”

“ಅದಕ್ಕೇ ಅಂತ ಕಂಬದಾಗೆ ಇಡಾಕಾಗ್ತೈತಾ? ನಾಳೆ ಕಂಬದ ಮ್ಯಾಲೆ ಬಸ್ಸು ಓಡಾಡ್ತಾವೆ, ಜನ ಓಡಾಡ್ತಾರೆ. ನನ್ನ ಕೈಯಾಗಿನ ಕೆಲಸ, ಕೆಡಿಸ್ಲಾ? ಕಂಬಕ್ಕೆ ಮಾತ್ರ ಮೋಸ ಮಾಡ್ಲಿಲ್ಲ ಸಾಹೇಬ್ರೆ. ಪಕ್ಕದಾಗೆ ಆ ಸಣ್ಣ ಡಬ್ಬಿ ಇತ್ತಲ್ಲ, ಅದರ ಮ್ಯಾಲೆ ಯಾರು ನಿಲ್ತಾರೆ, ಯಾರು ಕೂಡ್ತಾರೆ ಅಂತ ಅದರಾಗೆ ಇಟ್ಟೆ.”

ಹಿದಾಯತ್ ಸಾಹೇಬರು ಹಣೆಗೆ ಬಡಿದುಕೊಂಡರು. “ಅಯ್ಯೋ ನನ್ನ ಮೌಲಾ! ಕಂಬದಾಗೆ ಹಾಕಿದ್ರೆ ಇಂಥ ಹತ್ತು ಕಾಯಿ ನುಂಗಿದ್ರೂ ಅದು ಅಲ್ಲಾಡ್ತಿರ್ಲಿಲ್ಲವೋ! ಯಾರಿಗೂ ಗೊತ್ತಾಗ್ತಿರ್ಲಿಲ್ಲ!”

ಗುತ್ತೆಪ್ಪ ಕಂಬಕ್ಕೆ ಕಿವಿಯಿಟ್ಟು ಕೇಳಿದ. ಗುಳುಕ್ ಇಲ್ಲ, ಉಸಿರಿಲ್ಲ, ಏನೂ ಇಲ್ಲ. “ಸಾಹೇಬ್ರೆ, ಕಂಬ ಗಟ್ಟಿ ಐತ್ರಿ. ನೀವೇ ನೋಡ್ರಿ.”

“ನಂಗೆ ನಂಬಿಕೆ ಐತೋ. ಮ್ಯಾಲಿನೋರು ನನ್ನ ನಂಬಂಗಿಲ್ಲ, ಚೀಟಿ ನಂಬ್ತಾರೆ. ಕ್ಯೂಬು ಫೇಲಾದ್ರೆ ಕಂಬ ಫೇಲು. ಒಡೀಬೇಕು.” ಸಾಹೇಬರು ಆಳುಗಳ ಕಡೆ ನೋಡಿದರು. ಅಷ್ಟು ಹೊತ್ತಿಗಾಗಲೇ ಅವರೆಲ್ಲ ದಂಡೆ ಹತ್ತಿಬಿಟ್ಟಿದ್ದರು. ಹಳ್ಳದವ್ವನ ಕಂಬಕ್ಕೆ ಏಟು ಹಾಕಲು ಯಾರ ತಲೆ ಹೆಚ್ಚಾಗಿದೆ? ಕೆಳಗೆ ಉಳಿದವನು ಗುತ್ತೆಪ್ಪ ಒಬ್ಬನೇ. “ನಿನ್ನ ತಲೆಗೆ ಬದಲಿ ಕೊಟ್ಟಾಗೈತೆ, ನಿಂಗೇನೂ ಆಗಂಗಿಲ್ಲ. ಕಾಯಂ ಮಾತು ಆಮ್ಯಾಲೆ ನೋಡಾನ. ಅದೇ ದಿನಗೂಲಿ, ತಗಾ ಸಮ್ಮಟಿ.”

ಗುತ್ತೆಪ್ಪ ಸಮ್ಮಟಿ ಎತ್ತಿ ಬೀಸಿದ. ಠಣ್ ಎಂದು ಹಳ್ಳವೆಲ್ಲ ಮೊಳಗಿತು. ಸಮ್ಮಟಿ ಚಿಮ್ಮಿ ಹಿಂದಕ್ಕೆ ಬಂತು, ಕೈ ಭುಜದ ತನಕ ಜುಮ್ಮೆಂದಿತು. ಕಂಬದಿಂದ ಒಂದು ಹರಳೂ ಉದುರಲಿಲ್ಲ. ಇನ್ನೊಮ್ಮೆ ಹೊಡೆದ. ಬಿಳೀ ಗೀರು ಕೂಡ ಬೀಳಲಿಲ್ಲ.

“ಎಂಥಾ ನೀರು ಹಾಕಿದೀಯೋ ಮಾರಾಯ,” ಎಂದರು ಸಾಹೇಬರು, ಕಣ್ಣಲ್ಲಿ ನೀರು ತಂದುಕೊಂಡು. “ಇಂಥ ಗಟ್ಟಿ ಕಂಬ ನನ್ನ ಸರ್ವಿಸ್ಸಿನಾಗೆ ನೋಡಿಲ್ಲ. ಹೊಡಿ.”

ಕತ್ತಲಾಗುತ್ತಿದ್ದ ಊರಿನಲ್ಲಿ ಆ ಠಣ್ ಠಣ್ ಕೇಳಿ ಬಾಗಿಲುಗಳು ಪಟಪಟ ಮುಚ್ಚಿಕೊಂಡವು. ಹಳ್ಳದವ್ವ ಇನ್ನೊಂದು ತಲೆ ಕೇಳುತ್ತಿದ್ದಾಳೆ ಎಂದು ಯಾರೋ ಅಂದರು. ಸ್ವಲ್ಪ ಹೊತ್ತಿಗೆ ಆಳುಗಳ ಹೆಂಡಿರು ಒಬ್ಬೊಬ್ಬರಾಗಿ ಸೆರಗಿನೊಳಗೆ ಏನನ್ನೋ ಮುಚ್ಚಿಕೊಂಡು ದಂಡೆಗೆ ಬಂದು ನಿಂತರು. ಎಲ್ಲರ ಸೆರಗೂ ಗುಂಡಗೆ ಉಬ್ಬಿತ್ತು. ಹಿದಾಯತ್ ಸಾಹೇಬರು ಅದನ್ನು ನೋಡಿದವರೇ ಓಡಿಹೋಗಿ ಕ್ಯೂಬು ಎರೆಯುವ ಆ ಕಬ್ಬಿಣದ ಡಬ್ಬಿಯನ್ನು ಎದೆಗವಚಿಕೊಂಡು ಕೂತರು.

ಹೆಂಗಸರ ಮುಂದೆ ಚೌಡವ್ವ ನಿಂತಿದ್ದಳು. ಗಂಡನ ತಲೆ ಹೆಗಲ ಮೇಲೇ ಇರುವುದನ್ನು ಕಣ್ತುಂಬ ನೋಡಿ ಅವಳ ಮುಖ ಅರಳಿತು.

“ನಿಧಾನ ಹೊಡೀರಿ,” ಎಂದು ಅಲ್ಲಿಂದಲೇ ಕೂಗಿದಳು. “ಸಮ್ಮಟಿ ಹಿಂದಕ್ಕೆ ಚಿಮ್ತೈತೆ, ತಲೆ ಜ್ವಾಪಾನ!”

ಗುತ್ತೆಪ್ಪ ಅಂಗೈಗೆ ಉಗುಳಿಕೊಂಡು ಮತ್ತೆ ಸಮ್ಮಟಿ ಎತ್ತಿದ.